ನೆಲ ನೋಡುವ ಕಾನೂನು, ಪಾಸ್‌ಪೋರ್ಟ್ ನೋಡುವ ಕಾನೂನು

ವಿದೇಶದಲ್ಲಿ ಭಯೋತ್ಪಾದಕರ ದಾಳಿಗೆ ಸಿಕ್ಕವರಿಗೆ ಸರ್ಕಾರಗಳು ಕೊಡುವ ಪರಿಹಾರದ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಇಬ್ಬರು ಕೇಳಿಕೊಂಡಿದ್ದರು. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ತಂಗಿ ಆರು ವರ್ಷಗಳಿಂದ ಇಸ್ರೇಲಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಹೋಮ್ ನರ್ಸ್ ಕೆಲಸದಲ್ಲಿದ್ದಾಳೆ. ಅಲ್ಲಿ ಸೈರನ್ ಕೂಗಿದ ದಿನ ನಮಗೆ ಇಲ್ಲಿ ನಿದ್ದೆ ಇರುವುದಿಲ್ಲ. ಕೇಳಬಾರದ ಪ್ರಶ್ನೆ, ಆದರೂ ಕೇಳುತ್ತೇನೆ. ಅವಳಿಗೆ ಏನಾದರೂ ಆದರೆ ಅಲ್ಲಿನ ಸರ್ಕಾರ ನಮ್ಮಂತಹ ಹೊರಗಿನವರಿಗೂ ಪರಿಹಾರ ಕೊಡುತ್ತದೆಯೇ? ಅವಳ ಇಬ್ಬರು ಮಕ್ಕಳು ನನ್ನ ಬಳಿಯೇ ಬೆಳೆಯುತ್ತಿದ್ದಾರೆ.
— ಓದುಗರೊಬ್ಬರು, ಮಂಗಳೂರು

ಉತ್ತರ: ಕೇಳಬಾರದ ಪ್ರಶ್ನೆಯಲ್ಲ ಅಮ್ಮ. ಎಲ್ಲರೂ ನೆಟ್ಟಗಿರುವಾಗಲೇ ಕೇಳಿಟ್ಟುಕೊಳ್ಳಬೇಕಾದ ಪ್ರಶ್ನೆ ಇದು.

ಇಂತಹ ಪರಿಹಾರದ ಕಾನೂನುಗಳಲ್ಲಿ ಎರಡು ಬಗೆ. ಒಂದು ನೆಲ ನೋಡುತ್ತದೆ. ದಾಳಿ ನಡೆದದ್ದು ನಮ್ಮ ನೆಲದಲ್ಲಿ, ನೊಂದವರು ಯಾವ ದೇಶದವರಾದರೇನು ಎನ್ನುತ್ತದೆ. ಇನ್ನೊಂದು ಪಾಸ್‌ಪೋರ್ಟ್ ನೋಡುತ್ತದೆ. ದಾಳಿ ಎಲ್ಲೇ ಆಗಿರಲಿ, ನೊಂದವರು ನಮ್ಮವರೇ ಎಂದು ಮೊದಲು ವಿಚಾರಿಸುತ್ತದೆ. ನಿಮ್ಮ ತಂಗಿ ಇರುವ ದೇಶ ನೆಲವನ್ನು ನೋಡುತ್ತದೆ. ಹಗೆತನದ ಕೃತ್ಯಗಳಿಗೆ ಈಡಾದವರಿಗೆಂದೇ ಇಸ್ರೇಲ್ 1970ರಲ್ಲಿ ಒಂದು ಪಿಂಚಣಿ ಕಾನೂನು ಮಾಡಿದೆ. ಕಾನೂನುಬದ್ಧವಾಗಿ ದೇಶದೊಳಗೆ ಬಂದವರು ಅಲ್ಲಿ ದಾಳಿಗೆ ಸಿಕ್ಕರೆ, ಅವರು ಪ್ರಜೆಗಳಲ್ಲದಿದ್ದರೂ ಈ ಕಾನೂನು ಅನ್ವಯಿಸುತ್ತದೆ. ಹಣ ಕೊಡುವುದು ಅಲ್ಲಿನ ರಾಷ್ಟ್ರೀಯ ವಿಮಾ ಸಂಸ್ಥೆ. ಹೀಬ್ರೂವಿನಲ್ಲಿ ಬಿಟುವಾ ಲೆಉಮಿ. ಆ ಹೆಸರನ್ನು ನಿಮ್ಮ ತಂಗಿ ಕೇಳಿಯೇ ಇರುತ್ತಾರೆ.

ಗಾಯವಾದರೆ ಚಿಕಿತ್ಸೆಯ ಖರ್ಚು, ಕೆಲಸ ಮಾಡಲಾಗದ ದಿನಗಳಿಗೆ ಭತ್ಯೆ, ಶಾಶ್ವತ ಊನ ಉಳಿದರೆ ಅದರ ಪ್ರಮಾಣ ನೋಡಿ ಒಂದೇ ಗಂಟು ಅಥವಾ ತಿಂಗಳ ಪಿಂಚಣಿ. ಸಾವು ಸಂಭವಿಸಿದರೆ ಅವಲಂಬಿತರಿಗೆ ತಿಂಗಳ ಹಣ. ಮನಸ್ಸಿಗೆ ಆದ ಆಘಾತವೂ ಗಾಯವೇ ಎಂದು ಅಲ್ಲಿ ಒಪ್ಪುತ್ತಾರೆ. ನಮ್ಮವರು ಮೈಮೇಲೆ ಗಾಯವಿಲ್ಲ ಎಂಬ ಕಾರಣಕ್ಕೆ ಸುಮ್ಮನಾಗಿಬಿಡುತ್ತಾರೆ, ಹಾಗೆ ಬಿಡಬೇಡಿ. ನಡೆದದ್ದು ಹಗೆತನದ ಕೃತ್ಯವೇ ಎಂಬುದನ್ನು ಮಾತ್ರ ಅಲ್ಲಿನ ರಕ್ಷಣಾ ಸಚಿವಾಲಯದ ಅಧಿಕಾರಿ ಒಪ್ಪಬೇಕು. ಮನೆಯ ಮೇಲೆ ರಾಕೆಟ್ ಬಿದ್ದಂತಹ ಪ್ರಕರಣದಲ್ಲಿ ಇದು ದೊಡ್ಡ ತಕರಾರಾಗುವುದಿಲ್ಲ.

ತಕರಾರು ಆಗುವುದು ಇಲ್ಲಿ, ನಮ್ಮ ಕಾಗದಗಳಲ್ಲಿ. ಗಲ್ಫ್‌ನಲ್ಲಿ ತೀರಿಕೊಂಡ ಒಬ್ಬರ ಕಡತ ಒಮ್ಮೆ ನನ್ನ ಮೇಜಿಗೆ ಬಂದಿತ್ತು. ಪಾಸ್‌ಪೋರ್ಟಿನಲ್ಲಿ ಡಿ ಅಕ್ಷರದ ಮುಂದೆ ಮೇಲುಚಿಹ್ನೆ ಇದ್ದ ಡಿಸೋಜ, ಆಧಾರ್‌ನಲ್ಲಿ ಚಿಹ್ನೆ ಇಲ್ಲದ ಡಿಸೋಜ, ಮಗನ ಶಾಲೆಯ ದಾಖಲೆಯಲ್ಲಿ ಎಸ್ ಬದಲು ಜೆಡ್ ಹಾಕಿದ ಡಿಸೋಜ. ಹೆಂಡತಿಯ ಹೆಸರು ಮದುವೆಯ ಪ್ರಮಾಣಪತ್ರದಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಹಣ ಮಂಜೂರಾಗಿತ್ತು, ಈ ಹೆಸರುಗಳವರೆಲ್ಲ ಒಂದೇ ಮನೆಯವರು ಎಂದು ತೋರಿಸುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಘಟ್ಟದ ಮೇಲಿನವರದ್ದು ಬೇರೆ ತೊಂದರೆ: ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ. ಅವನ್ನು ಬಿಡಿಸಿ ಬರೆಯಿರಿ ಎಂದಾಗ ಒಂದು ಕಚೇರಿಯಲ್ಲಿ ಊರೇ ಮನೆತನದ ಹೆಸರಾಗಿಬಿಡುತ್ತದೆ.

ಆದ್ದರಿಂದ ಈಗಲೇ ಮಾಡಬೇಕಾದದ್ದು ಇಷ್ಟು. ತಂಗಿಯ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಮಕ್ಕಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಅಕ್ಷರಕ್ಕೆ ಅಕ್ಷರ ಕೂಡುತ್ತದೆಯೇ ನೋಡಿ; ಕೂಡದಿದ್ದರೆ ತಿದ್ದಿಸಿ. ವೀಸಾದ ಮತ್ತು ಕೆಲಸದ ಒಪ್ಪಂದದ ಪ್ರತಿ ನಿಮ್ಮ ಬಳಿಯೂ ಒಂದಿರಲಿ. ಟೆಲ್ ಅವೀವ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯಲ್ಲಿ ಅವರ ಹೆಸರು ನೋಂದಣಿಯಾಗಿರಲಿ. ನಾಡಕಚೇರಿಯಿಂದ ವಂಶವೃಕ್ಷ ಪಡೆಯುವ ಕೆಲಸ ಆಮೇಲಿನದು. ಅಂತಹ ಕಾಗದಕ್ಕೆ ವಿದೇಶದಲ್ಲಿ ಬೆಲೆ ಬರಬೇಕಾದರೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕಾಗುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಇನ್ನೊಂದು ಮಾತು. ಏನಾದರೂ ಆದ ಮೊದಲ ವಾರದಲ್ಲಿ ಏಜೆಂಟರೋ ಕೆಲಸ ಕೊಟ್ಟವರೋ ತಂದ ಯಾವುದೇ ಕಾಗದಕ್ಕೆ, ಓದಲು ಬಾರದ ಭಾಷೆಯಲ್ಲಿದ್ದರೆ, ಸಹಿ ಹಾಕಬೇಡಿ. ‘ಪೂರ್ಣ ಮತ್ತು ಅಂತಿಮವಾಗಿ ಹಣ ಸಂದಾಯವಾಗಿದೆ’ ಎಂಬ ರಸೀದಿಗೆ, ಅದು ಶವಪೆಟ್ಟಿಗೆಯನ್ನು ಬಿಡಿಸಿಕೊಳ್ಳುವ ಅರ್ಜಿ ಎಂದುಕೊಂಡು ಹೆಬ್ಬೆಟ್ಟು ಒತ್ತಿದವರನ್ನು ಕಂಡಿದ್ದೇನೆ.

ಪ್ರಶ್ನೆ: ಪಹಲ್ಗಾಮ್ ದಾಳಿಯಲ್ಲಿ ತೀರಿಕೊಂಡವರ ಕುಟುಂಬಗಳಿಗೆ ಸರ್ಕಾರ ಪರಿಹಾರ ಕೊಟ್ಟಿತು. ಅದೇ ರೀತಿ ಭಾರತೀಯರೊಬ್ಬರು ಹೊರದೇಶದ ದಾಳಿಯಲ್ಲಿ ಸತ್ತರೆ ನಮ್ಮ ಸರ್ಕಾರ ಕೊಡಲೇಬೇಕು ಎಂಬ ನಿಯಮ ಇದೆಯೇ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಇಲ್ಲ ಮೇಷ್ಟ್ರೇ. ಕೊಡಬಹುದು, ಕೊಡಲೇಬೇಕು ಎಂದಿಲ್ಲ.

ಭಯೋತ್ಪಾದನೆ, ಕೋಮುಗಲಭೆ, ನಕ್ಸಲ್ ಹಿಂಸೆಗೆ ಸಿಕ್ಕ ನಾಗರಿಕರಿಗೆಂದು ಕೇಂದ್ರ ಗೃಹ ಸಚಿವಾಲಯದ ಒಂದು ಯೋಜನೆ 2008ರ ಏಪ್ರಿಲ್‌ನಿಂದ ಇದೆ. ಮೊದಲು 3 ಲಕ್ಷ ರೂಪಾಯಿ ಇತ್ತು, 2016ರ ಆಗಸ್ಟ್‌ನಿಂದ 5 ಲಕ್ಷ. ಸಾವಿಗೆ ಮಾತ್ರವಲ್ಲ, ಶೇ 50 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯಕ್ಕೂ ಇದು ಸಿಗುತ್ತದೆ. ಜಿಲ್ಲಾಡಳಿತದ ಮೂಲಕ ಸಾಗುವ ಯೋಜನೆ ಇದು. ದೇಶದೊಳಗೆ ನಡೆದ ಘಟನೆಗೆ ಮಾತ್ರ. ಪಹಲ್ಗಾಮ್‌ನಲ್ಲಿ ಮಡಿದ ಕನ್ನಡಿಗರ ಕುಟುಂಬಗಳಿಗೆ ನಮ್ಮ ರಾಜ್ಯ ಸರ್ಕಾರ ಘೋಷಿಸಿದ 10 ಲಕ್ಷ ಬೇರೆಯದು; ಅದು ರಾಜ್ಯದ ಸ್ವಂತ ತೀರ್ಮಾನ. ಗಡಿ ದಾಟಿದರೆ ಇರುವುದು ಇಂತಹ ತೀರ್ಮಾನಗಳು ಮಾತ್ರ. ಪ್ರಧಾನಿಯವರ ಪರಿಹಾರ ನಿಧಿ, ಮುಖ್ಯಮಂತ್ರಿಯವರ ಪರಿಹಾರ ನಿಧಿ, ಆ ದಿನದ ಸುದ್ದಿಯ ಬಿಸಿ.

ಮೋಸುಲ್‌ನದನ್ನು ನೆನಪಿಸಿಕೊಳ್ಳಿ. ಇರಾಕಿನಲ್ಲಿ 2014ರ ಜೂನ್‌ನಲ್ಲಿ ಐಸಿಸ್ ಹಿಡಿದೊಯ್ದ 39 ಕಾರ್ಮಿಕರು ಸತ್ತಿದ್ದಾರೆ ಎಂದು ಸರ್ಕಾರ ಸಂಸತ್ತಿಗೆ ಹೇಳಿದ್ದು 2018ರ ಮಾರ್ಚ್‌ನಲ್ಲಿ. ಮುಂದಿನ ತಿಂಗಳು ಪ್ರಧಾನಿ ತಲಾ 10 ಲಕ್ಷ ರೂಪಾಯಿ ಘೋಷಿಸಿದರು. ನಡುವಿನ ಆ ನಾಲ್ಕು ವರ್ಷ ಆ ಮನೆಗಳ ಹೆಂಗಸರು ವಿಧವೆಯರೂ ಅಲ್ಲ, ಗಂಡನ ಸಂಬಳ ಬರುವವರೂ ಅಲ್ಲ. ಮರಣ ಪ್ರಮಾಣಪತ್ರವೇ ಇಲ್ಲದಿದ್ದರೆ ಯಾವ ಅರ್ಜಿಯನ್ನು ತಾನೇ ಬರೆಯುತ್ತೀರಿ?

ಕರ್ನಾಟಕಕ್ಕೆ ತೀರ ಹತ್ತಿರದ ಉದಾಹರಣೆ ಕೊಲಂಬೊ. 2019ರ ಏಪ್ರಿಲ್ 18ರಂದು ಲೋಕಸಭಾ ಚುನಾವಣೆಯ ರಾಜ್ಯದ ಮೊದಲ ಹಂತದ ಮತದಾನ ಮುಗಿಸಿ, ವಿಶ್ರಾಂತಿಗೆಂದು ನೆಲಮಂಗಲ, ತುಮಕೂರು ಕಡೆಯ ಜೆಡಿಎಸ್ ಕಾರ್ಯಕರ್ತರ ಗುಂಪು ಶ್ರೀಲಂಕಾಕ್ಕೆ ಹೋಗಿತ್ತು. 21ರ ಈಸ್ಟರ್ ಬೆಳಿಗ್ಗೆ ಶಾಂಗ್ರಿ-ಲಾ ಹೋಟೆಲಿನಲ್ಲಿ ಬಾಂಬ್ ಸಿಡಿಯಿತು. ಆ ದಿನದ ಸರಣಿ ಸ್ಫೋಟಗಳಲ್ಲಿ ಸತ್ತವರು 260ಕ್ಕೂ ಹೆಚ್ಚು. ಮುಂದಿನದು ವಕೀಲನಾಗಿ ನನಗೆ ಹೆಚ್ಚು ಮುಖ್ಯ ಎನಿಸುವ ಭಾಗ. ದಾಳಿ ನಡೆಯಬಹುದು ಎಂದು ಭಾರತದಿಂದ ಮೊದಲೇ ಎಚ್ಚರಿಕೆ ಹೋಗಿತ್ತು, ಅಲ್ಲಿನವರು ಕೈಕಟ್ಟಿ ಕುಳಿತಿದ್ದರು. 2023ರ ಜನವರಿ 12ರಂದು ಶ್ರೀಲಂಕಾದ ಸುಪ್ರೀಂ ಕೋರ್ಟ್, ಇದು ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ಹೇಳಿ, ಆಗ ಅಧ್ಯಕ್ಷರಾಗಿದ್ದ ಮೈತ್ರಿಪಾಲ ಸಿರಿಸೇನ ತಮ್ಮ ಸ್ವಂತ ಜೇಬಿನಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಕಟ್ಟಬೇಕು ಎಂದಿತು. ಪೊಲೀಸ್ ಮುಖ್ಯಸ್ಥರಾಗಿದ್ದವರಿಗೆ ಮತ್ತು ಗುಪ್ತಚರ ಮುಖ್ಯಸ್ಥರಾಗಿದ್ದವರಿಗೆ ತಲಾ ಏಳೂವರೆ ಕೋಟಿ, ರಕ್ಷಣಾ ಕಾರ್ಯದರ್ಶಿಯಾಗಿದ್ದವರಿಗೆ 5 ಕೋಟಿ. ಸಿರಿಸೇನ ಕಂತಿನಲ್ಲಿ ಕಟ್ಟಲು ಅವಕಾಶ ಕೇಳಿದರು ಎನ್ನುವುದು ಬೇರೆ ಕಥೆ. ಆ ಹಣ ಹೋಗಬೇಕಾದದ್ದು ಅಲ್ಲಿನ ಪರಿಹಾರ ಕಚೇರಿಯ ಸಂತ್ರಸ್ತರ ನಿಧಿಗೆ. ಅಲ್ಲಿ ಆಪ್ತರನ್ನು ಕಳೆದುಕೊಂಡ ನಮ್ಮವರು ತಟ್ಟಿ ನೋಡಬೇಕಾದ ಬಾಗಿಲು ಅದು. ಒಬ್ಬೊಬ್ಬರೇ ತಟ್ಟುವುದಕ್ಕಿಂತ ಕೊಲಂಬೊದ ನಮ್ಮ ಹೈಕಮಿಷನ್ ಮೂಲಕ ಹೋಗುವುದು ಲೇಸು.

ದೇಹವನ್ನು ಊರಿಗೆ ತರುವ ಖರ್ಚಿಗೆ ನಮ್ಮ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, 2009ರಿಂದ. ಕೈಲಾಗದವರಿಗೆಂದು ಇರುವ ನಿಧಿ ಅದು, ಸಂಕೋಚಪಡದೆ ಕೇಳಿ. ಅದು ಪರಿಹಾರವಲ್ಲ.

ಪ್ರತಿ ಸಲವೂ ಘೋಷಣೆಗೆ ಕಾಯುವುದರ ಬದಲು ಗೃಹ ಸಚಿವಾಲಯದ ಅದೇ ಯೋಜನೆಗೆ ‘ವಿದೇಶದಲ್ಲಿರುವ ಭಾರತೀಯ ನಾಗರಿಕರು’ ಎಂಬ ಒಂದು ಸಾಲು ಸೇರಿಸಿದರೆ ಖಜಾನೆಯೇನೂ ಬರಿದಾಗುವುದಿಲ್ಲ. ನಿಮ್ಮ ಸಂಸದರಿಗೆ ಕಾಗದ ಬರೆಯುವ ಅಭ್ಯಾಸ ಇದ್ದರೆ, ಮೇಷ್ಟ್ರೇ, ಇದನ್ನೂ ಬರೆಯಿರಿ.

ಪ್ರಶ್ನೆ: ನನ್ನ ಅಣ್ಣನ ಮಗ ಬ್ರಿಟನ್ನಿನಲ್ಲಿ, ಮಗಳು ಆಸ್ಟ್ರೇಲಿಯದಲ್ಲಿ ಇದ್ದಾರೆ. ಅವನು ಕೆಲಸದ ವೀಸಾದಲ್ಲಿ ಐದು ವರ್ಷದಿಂದ, ಅವಳು ಕಾಯಂ ನಿವಾಸಿಯಾಗಿ. ಇಬ್ಬರೂ ರಜೆ ಸಿಕ್ಕರೆ ದೇಶ ಸುತ್ತುವವರು. ಆ ದೇಶಗಳು ತಮ್ಮವರಿಗೆ ಹೊರಗಿನ ದಾಳಿಗೂ ಪರಿಹಾರ ಕೊಡುತ್ತವೆ ಎಂದು ಕೇಳಿದೆ. ಇವರಿಗೂ ಸಿಗುವುದೇ?
— ಗೃಹಿಣಿ, ತುಮಕೂರು

ಉತ್ತರ: ಮಗಳಿಗೆ ಸಿಗಬಹುದು, ಮಗನಿಗೆ ಇಲ್ಲ.

ಬ್ರಿಟನ್ನಿನ ಯೋಜನೆ ಜಾರಿಗೆ ಬಂದದ್ದು 2012ರಲ್ಲಿ. ಅದಕ್ಕೂ ಮೊದಲು ಬಾಲಿಯಲ್ಲೋ ಮುಂಬೈಯಲ್ಲೋ ಗಾಯಗೊಂಡ ಬ್ರಿಟಿಷರು, ಲಂಡನ್ನಿನಲ್ಲಿ ಬಾಂಬ್ ಸಿಡಿದಿದ್ದರೆ ನಮಗೆ ಪರಿಹಾರ ಸಿಗುತ್ತಿತ್ತು, ಹೊರಗೆ ಸಿಡಿದದ್ದಕ್ಕೆ ಇಲ್ಲವೇ ಎಂದು ವರ್ಷಗಟ್ಟಲೆ ಹೋರಾಡಿದ್ದರು. ಈಗ ಗರಿಷ್ಠ 5 ಲಕ್ಷ ಪೌಂಡ್‌ವರೆಗೆ ಅವಕಾಶವಿದೆ. ಆದರೆ ಜರಡಿ ಸಣ್ಣದು. ಘಟನೆಯನ್ನು ವಿದೇಶಾಂಗ ಸಚಿವರು ಭಯೋತ್ಪಾದನೆ ಎಂದು ಗುರುತಿಸಿರಬೇಕು. ಹೋಗಬೇಡಿ ಎಂದು ಅವರ ಇಲಾಖೆ ಎಚ್ಚರಿಸಿದ್ದ ಜಾಗಕ್ಕೆ ಹೋಗಿದ್ದರೆ ಅರ್ಜಿ ಬೀಳುತ್ತದೆ. ಅರ್ಜಿಗೆ ಎರಡು ವರ್ಷದ ಗಡುವು. ಎಲ್ಲಕ್ಕಿಂತ ಮೊದಲು, ಬ್ರಿಟಿಷ್ ಪ್ರಜೆಯೋ ಯುರೋಪಿನ ಕೆಲವು ದೇಶಗಳ ಪ್ರಜೆಯೋ ಆಗಿರಬೇಕು ಮತ್ತು ಘಟನೆಗೆ ಹಿಂದಿನ ಮೂರು ವರ್ಷ ಬ್ರಿಟನ್ನಿನಲ್ಲೇ ವಾಸವಿರಬೇಕು. ಐದು ವರ್ಷ ತೆರಿಗೆ ಕಟ್ಟಿದರೂ ಭಾರತದ ಪಾಸ್‌ಪೋರ್ಟ್ ಇದ್ದರೆ ಆಗದು. ತಮಾಷೆಯೆಂದರೆ, ಬ್ರಿಟಿಷ್ ಪೌರತ್ವ ಪಡೆದು ವಾಪಸ್ ಬಂದು ಜಯನಗರದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೂ ಸಿಗದು; ಅವರದು ಪಾಸ್‌ಪೋರ್ಟ್ ಸರಿ, ವಾಸ ತಪ್ಪು.

ಆಸ್ಟ್ರೇಲಿಯದ್ದು ಉದಾರ. ಅಲ್ಲಿ ನೆಲೆಸಿರುವ ಪ್ರಜೆಗಳ ಜತೆಗೆ ಕಾಯಂ ನಿವಾಸಿಗಳೂ ಲೆಕ್ಕಕ್ಕೆ ಬರುತ್ತಾರೆ. ಪ್ರಧಾನಿ ಘೋಷಿಸಿದ ಘಟನೆಯಾಗಿದ್ದರೆ 75 ಸಾವಿರ ಆಸ್ಟ್ರೇಲಿಯನ್ ಡಾಲರ್‌ವರೆಗೆ ಒಂದೇ ಗಂಟು. ಆಪ್ತರನ್ನು ಕಳೆದುಕೊಂಡ ಹತ್ತಿರದ ಬಂಧುಗಳಿಗೂ ಉಂಟು. 2001ರ ಸೆಪ್ಟೆಂಬರ್ 11ರವರೆಗೂ ಹಿಂದಕ್ಕೆ ಹೋಗಿ ಘಟನೆಗಳನ್ನು ಸೇರಿಸಿದ್ದಾರೆ; 2008ರ ಮುಂಬೈ ದಾಳಿಯೂ ಆ ಪಟ್ಟಿಯಲ್ಲಿದೆ.

ಪ್ರಶ್ನೆ: ನಾವು ಹನ್ನೆರಡು ಜನ ಗುಂಪಾಗಿ ಯುರೋಪ್ ಪ್ರವಾಸ ಹೊರಟಿದ್ದೇವೆ; ಫ್ರಾನ್ಸಿನಲ್ಲೇ ಐದು ದಿನ. ಟ್ರಾವೆಲ್ಸ್‌ನವರು ವಿಮೆ ಮಾಡಿಸಿದ್ದಾರೆ. ಸಾಕಲ್ಲವೇ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಫ್ರಾನ್ಸಿನ ಮಟ್ಟಿಗೆ ವಿಮೆಗಿಂತ ದೊಡ್ಡ ಆಸರೆ ಅಲ್ಲಿನ ಕಾನೂನೇ. ಎಂಬತ್ತರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಸಾಲುಸಾಲು ಬಾಂಬ್ ಸಿಡಿದಾಗ, 1986ರಲ್ಲಿ, ಒಂದು ಖಾತರಿ ನಿಧಿಯನ್ನು ಕಟ್ಟಿದರು. ಮನೆ, ಕಾರು ಇತ್ಯಾದಿ ಆಸ್ತಿಗೆ ಯಾರು ವಿಮೆ ಮಾಡಿಸಿದರೂ ಪ್ರತಿ ಪಾಲಿಸಿಯ ಮೇಲೆ ಕೆಲವು ಯೂರೊ ಈ ನಿಧಿಗೆ ಹೋಗುತ್ತದೆ. ಫ್ರೆಂಚರಿಗೆ ಜಗತ್ತಿನ ಎಲ್ಲೇ ಆದರೂ, ಫ್ರಾನ್ಸಿನ ನೆಲದಲ್ಲಿ ಆದರೆ ಯಾವ ದೇಶದವರಿಗಾದರೂ, ಈ ನಿಧಿ ಹಣ ಕೊಡುತ್ತದೆ. ನೆಲವನ್ನೂ ಪಾಸ್‌ಪೋರ್ಟನ್ನೂ ಒಟ್ಟಿಗೆ ನೋಡುವ ಕಾನೂನು. ಅರ್ಜಿ ಹಾಕಿದ ತಿಂಗಳೊಳಗೆ ಖರ್ಚಿಗೆಂದು ಮೊದಲ ಹಣ ಬಿಡುಗಡೆ ಮಾಡಬೇಕು ಎಂಬ ನಿಯಮವೂ ಇದೆ. ಬೇರೆ ದೇಶಗಳಲ್ಲಿ ಹೀಗೇ ಇರುತ್ತದೆ ಎಂದುಕೊಳ್ಳಬೇಡಿ.

ವಿಮೆಗೆ ಬಂದರೆ, ಪಾಲಿಸಿಯ ಹಿಂಬದಿಯಲ್ಲಿ ‘ಯಾವುದಕ್ಕೆ ಅನ್ವಯಿಸುವುದಿಲ್ಲ’ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಯುದ್ಧ ಇದ್ದೇ ಇರುತ್ತದೆ. ಭಯೋತ್ಪಾದನೆ ಇದೆಯೇ ನೋಡಿ. ಕೆಲವು ಪಾಲಿಸಿಗಳು ಆಸ್ಪತ್ರೆಯ ಖರ್ಚು ಕೊಟ್ಟು ಸಾವಿನ ಹಣಕ್ಕೆ ಕೈ ಎತ್ತುತ್ತವೆ. ಟ್ರಾವೆಲ್ಸ್‌ನವರು ಬಾಯಲ್ಲಿ ‘ಎಲ್ಲಾ ಕವರ್ ಆಗುತ್ತೆ ಸಾರ್’ ಎಂದರೆ, ಅದನ್ನೇ ಇಮೇಲ್‌ನಲ್ಲಿ ಬರೆದುಕೊಡಿ ಎಂದು ಕೇಳಿ.

ಹೊರಡುವ ಮೊದಲು ಪಾಲಿಸಿಯ ಮೊದಲ ಪುಟ, ಸಹಾಯವಾಣಿಯ ಸಂಖ್ಯೆ, ಹನ್ನೆರಡು ಜನರ ಪಾಸ್‌ಪೋರ್ಟ್ ಚಿತ್ರ, ಇವನ್ನು ಪ್ರವಾಸಕ್ಕೆ ಬಾರದ ಒಬ್ಬರಿಗೆ ಕಳುಹಿಸಿಡಿ. ಗುಂಪಿನಲ್ಲಿ ಎಲ್ಲ ಕಾಗದವೂ ಒಬ್ಬನ ಚೀಲದಲ್ಲೇ ಇರುತ್ತದೆ. ಆಸ್ಪತ್ರೆ ಸೇರುವವನು ಅವನೇ ಆದರೆ ಉಳಿದ ಹನ್ನೊಂದು ಜನರಿಗೆ ಪಾಲಿಸಿಯ ಸಂಖ್ಯೆಯೂ ಗೊತ್ತಿರುವುದಿಲ್ಲ.