ಸುಟ್ಟಗಾಯದವರಿಗೆ ಮೊಟ್ಟೆ, ಬೇಳೆ ಕೊಡಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನಂಜಿನ ಬಗ್ಗೆಯೇ. ಹೋದ ಸಲವೂ ಅಷ್ಟೇ. ಹಾಗಾಗಿ ಒಂದು ಪ್ರಶ್ನೆಗೆ ಪೂರ್ತಿಯಾಗಿ ಉತ್ತರ ಬರೆಯುತ್ತೇನೆ, ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ನಮ್ಮ ಯಜಮಾನರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋ ರೀಲಿಂಗ್ ಕೆಲಸ ಮಾಡ್ತಾರೆ. ಗೂಡು ಬೇಯಿಸೋ ಬಿಸಿನೀರು ಚೆಲ್ಲಿ ಎರಡೂ ಕೈ, ಹೊಟ್ಟೆ ಸುಟ್ಟಿದೆ. ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರ ಆದರೂ ಗಾಯ ಮಾಗಿಲ್ಲ. ಮೊಟ್ಟೆ, ಬೇಳೆ, ಬದನೆಕಾಯಿ ನಂಜು, ಕೀವಾಗುತ್ತೆ ಅಂತ ಅತ್ತೆ ಬರೀ ಗಂಜಿ, ತಿಳಿಸಾರು ಅನ್ನ ಕೊಡ್ತಾರೆ. ನಾಟಿ ಎಣ್ಣೆ ಕೊಡೋರು ಕೂಡ ಮೂರು ತಿಂಗಳು ಪಥ್ಯ ಹೇಳಿದ್ದಾರೆ. ಏನು ಮಾಡಲಿ ಸಿಸ್ಟರ್?

ಉತ್ತರ: ಇವತ್ತೇ ಎರಡು ಮೊಟ್ಟೆ ಬೇಯಿಸಿ ಕೊಡಿ ತಾಯಿ. ಉಳಿದದ್ದು ಆಮೇಲೆ ಓದಿ.

ಕೀವು ಆಗೋದು ರೋಗಾಣುವಿನಿಂದ. ಅದು ತೊಳೆಯದ ಕೈಯಿಂದ, ಉದ್ದ ಉಗುರಿನಿಂದ, ಒದ್ದೆ ಬ್ಯಾಂಡೇಜನ್ನು ಎರಡು ದಿನ ಹಾಗೇ ಬಿಡೋದರಿಂದ ಗಾಯಕ್ಕೆ ಬರುತ್ತೆ. ತಿಂದ ಮೊಟ್ಟೆ ಹೊಟ್ಟೆಯಿಂದ ಗಾಯಕ್ಕೆ ಹೋಗಿ ಕೀವಾಗುವುದಿಲ್ಲ. ಹಾಗಿದ್ದರೂ ನಂಜಿನ ಮಾತು ಯಾಕೆ ನಿಜ ಅನ್ನಿಸುತ್ತೆ ಗೊತ್ತಾ? ಗಾಯ ಮಾಗೋಕೆ ಶುರುವಾದಾಗಲೇ ನವೆ ಶುರುವಾಗುತ್ತೆ. ರೋಗಿ ಸ್ವಲ್ಪ ಚೇತರಿಸಿಕೊಂಡು ಎಲ್ಲರ ಜೊತೆ ಬದನೆಕಾಯಿ ಪಲ್ಯ ತಿನ್ನೋದೂ ಅದೇ ಹೊತ್ತಿಗೆ. ರಾತ್ರಿ ಕೆರೆತ ಬಂದರೆ ತಪ್ಪು ಬದನೆಕಾಯಿಯ ತಲೆಗೆ. ಯಾವುದಾದರೂ ಪದಾರ್ಥ ತಿಂದಾಗ ಅವರಿಗೆ ಮೊದಲಿಂದಲೂ ಮೈಯೆಲ್ಲಾ ದದ್ದು ಏಳುತ್ತಿದ್ದರೆ ಅದೊಂದನ್ನು ಬಿಡಿ. ಅದು ಅಲರ್ಜಿ, ಬೇರೆ ವಿಷಯ.

ಈಗ ಗಂಜಿ ಏನು ಮಾಡುತ್ತಿದೆ ನೋಡಿ. ಸುಟ್ಟ ಜಾಗದಿಂದ ಸೋರುವ ನೀರಿನ ಜೊತೆ ಪ್ರೋಟೀನ್ ಹೊರಗೆ ಹೋಗುತ್ತಿರುತ್ತೆ. ಹೊಸ ಚರ್ಮ ಕಟ್ಟೋಕೂ ಪ್ರೋಟೀನೇ ಬೇಕು. ಊಟದಲ್ಲಿ ಸಿಗದಿದ್ದರೆ ದೇಹ ತನ್ನದೇ ಮಾಂಸಖಂಡ ಕರಗಿಸುತ್ತೆ. ತೊಡೆ ಸಣ್ಣಗಾಗುತ್ತೆ, ಲುಂಗಿ ಸೊಂಟದಲ್ಲಿ ನಿಲ್ಲುವುದಿಲ್ಲ. ಡ್ರೆಸಿಂಗ್ ಬಿಚ್ಚಿದಾಗಲೂ ಇದು ನಮಗೆ ಕಾಣುತ್ತೆ. ಚೆನ್ನಾಗಿ ಉಣ್ಣುವವರ ಗಾಯ ಕೆಂಪಗೆ ಹೊಳೆಯುತ್ತಿರುತ್ತೆ, ಗಾಜ್ ಬಟ್ಟೆ ತಾಗಿದರೆ ಸಣ್ಣಗೆ ರಕ್ತ ಜಿನುಗುತ್ತೆ. ಪಥ್ಯದವರ ಗಾಯ ಬಿಳಚಿಕೊಂಡು, ಮೆತ್ತಗೆ ಊದಿಕೊಂಡಿರುತ್ತೆ, ಅಂಚಿನಿಂದ ಚರ್ಮ ಮುಂದಕ್ಕೆ ಬರೋದೇ ಇಲ್ಲ.

ಸಾಮಾನ್ಯ ದಿನಗಳಲ್ಲಿ ತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಪ್ರೋಟೀನ್ ಸಾಕು. ದೊಡ್ಡ ಸುಟ್ಟಗಾಯ ಇದ್ದರೆ 1.5ರಿಂದ 2 ಗ್ರಾಂ ಬೇಕು. ಅಂದರೆ 60 ಕಿಲೋ ಇರುವವರಿಗೆ ದಿನಕ್ಕೆ ಕಡಿಮೆ ಅಂದರೂ 90 ಗ್ರಾಂ. ಇದಕ್ಕೆ ದುಬಾರಿ ಪೌಡರ್ ಡಬ್ಬ ಬೇಡ. ಮೂರು ಮೊಟ್ಟೆ, ಅರ್ಧ ಲೀಟರ್ ಹಾಲು ಅಥವಾ ಮೊಸರು, 100 ಗ್ರಾಂ ಬೇಳೆಕಾಳು, ಒಂದು ಹಿಡಿ ಕಡಲೆಬೀಜ, ಜೊತೆಗೆ ಎಂದಿನ ಮುದ್ದೆ, ಅನ್ನ. ಲೆಕ್ಕ ಅಲ್ಲಿಗೆ ಬಂತು. ಅವರೆಕಾಯಿ ಕಾಲದಲ್ಲಿ ಹಿತಕಬೇಳೆ ಸಾರು ಮಾಡಿ, ಉಳಿದ ದಿನ ಹುರುಳಿಕಾಳು. ಒಂದು ಸೀಬೆಹಣ್ಣು ಕೊಡಿ, ಚರ್ಮ ಕಟ್ಟೋಕೆ ವಿಟಮಿನ್ ಸಿ ಬೇಕು. ಮೊಟ್ಟೆ ತಿನ್ನದ ಮನೆಯಾದರೆ ಹಾಲು, ಕಾಳು ಜಾಸ್ತಿ ಮಾಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ರಕ್ತದ ಸಕ್ಕರೆ ನೋಡಿಸುತ್ತಿರಿ, ಅದು ಏರಿದ್ದರೆ ಗಾಯ ಮಾಗುವುದಿಲ್ಲ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನಿಮ್ಮವರ ಎರಡೂ ಕೈಗೆ ಬ್ಯಾಂಡೇಜ್ ಇದೆ. ಅವರಿಗೆ ಯಾರಾದರೂ ತಿನ್ನಿಸಬೇಕು. ದುಡಿಯುವ ಗಂಡಸರಿಗೆ ಇದು ತುಂಬಾ ಸಂಕೋಚ. ನಾಲ್ಕು ತುತ್ತಿಗೆ ಸಾಕು ಅಂತಾರೆ. ಬಾತ್‌ರೂಮಿಗೂ ಇನ್ನೊಬ್ಬರು ಬೇಕಲ್ಲ ಅಂತ ನೀರನ್ನೂ ಕುಡಿಯುವುದಿಲ್ಲ. ಹಸಿವಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಬೇರೆಯವರು ಇಲ್ಲದಾಗ, ನೀವೊಬ್ಬರೇ ಕೂತು, ಸ್ವಲ್ಪ ಸ್ವಲ್ಪವೇ ದಿನಕ್ಕೆ ಐದಾರು ಸಲ ತಿನ್ನಿಸಿ. ಡ್ರೆಸಿಂಗ್ ಆದ ತಕ್ಷಣ ತಟ್ಟೆ ಇಡಬೇಡಿ, ನೋವಲ್ಲಿ ಊಟ ಸೇರುವುದಿಲ್ಲ. ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ಡ್ರೆಸಿಂಗಿಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಕೊಡಿ. ಅಂಟಿಕೊಂಡ ಗಾಜ್ ಬಟ್ಟೆಯನ್ನು ಎಳೆಯಬೇಡಿ, ಸಲೈನ್ ಹಾಕಿ ನೆನೆಸಿ ಬಿಡಿಸಿ. ಬೆರಳು ಸುಟ್ಟಿದ್ದರೆ ಒಂದೊಂದನ್ನೂ ಬೇರೆ ಬೇರೆ ಸುತ್ತಬೇಕು. ಒಟ್ಟಿಗೆ ಸುತ್ತಿದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಮಾಗುತ್ತವೆ. ಮತ್ತೆ ಗೂಡಿನ ಎಳೆ ಹಿಡಿಯಬೇಕಾದ ಕೈ ಅದು.

ಎಣ್ಣೆ ಕೊಡುವವರ ಬಗ್ಗೆ. ತೆರೆದ ಗಾಯಕ್ಕೆ ಅವರ ಎಣ್ಣೆ ಸುರಿದ ಮೇಲೆ ಗಾಯದ ಬಣ್ಣ, ಆಳ ಯಾವುದೂ ಡಾಕ್ಟರಿಗೆ ಕಾಣುವುದಿಲ್ಲ. ಅದನ್ನು ಉಜ್ಜಿ ತೆಗೆಯಬೇಕು. ಉಜ್ಜುವಾಗ ಕಿರುಚುವುದು ರೋಗಿ, ಎಣ್ಣೆ ಮಾರಿದವರು ಆಗ ಅಲ್ಲಿರುವುದಿಲ್ಲ. ಮೂರು ತಿಂಗಳ ಪಥ್ಯ ಯಾಕೆ ಹೇಳುತ್ತಾರೆ ಅಂದರೆ, ಮಾಗದಿದ್ದಾಗ ನೀವು ಪಥ್ಯ ಮುರಿದಿರಿ ಅನ್ನೋಕೆ. ನನಗೆ ಇದರಲ್ಲಿ ತಾಳ್ಮೆ ಉಳಿದಿಲ್ಲ. ನಿಲ್ಲಿಸಿ.

ಮೂರು ವಾರ ದಾಟಿಯೂ ಮಾಗದ ಸುಟ್ಟಗಾಯ ಆಳವಾಗಿರುವ ಸಾಧ್ಯತೆ ಜಾಸ್ತಿ. ಚರ್ಮ ಕಸಿ ಬೇಕಾಗಬಹುದು. ಈ ವಾರವೇ ಸರ್ಜನ್‌ಗೆ ತೋರಿಸಿ. ಅವರು ಬೆಂಗಳೂರಿಗೆ ಕಳಿಸಿದರೆ ಹಿಂಜರಿಯಬೇಡಿ, ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆಂದೇ ಬೇರೆ ವಿಭಾಗ ಇದೆ. ಜ್ವರ, ವಾಸನೆ, ಹಸಿರು ಬಣ್ಣದ ಸೋರಿಕೆ, ಗಾಯದ ಸುತ್ತ ಕೆಂಪು ಹರಡುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಹೋಗಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮಗನ ಮೇಲಿನ ಪ್ರೀತಿಗೇ ಅವರು ಗಂಜಿ ಕೊಡುತ್ತಿರುವುದು. ಗಾಯದ ಮುಂದೆ ನಿಂತು ಸಿಸ್ಟರ್ ಹೇಳಿದರೆ ಅವರು ಕೇಳುತ್ತಾರೆ.

ಪ್ರಶ್ನೆ: ಒಲೆಯಲ್ಲಿ ಕೈ ಸುಟ್ಟರೆ ಟೂತ್‌ಪೇಸ್ಟ್ ಒಳ್ಳೇದಾ, ಕಾಫಿಪುಡಿನಾ? (ಚಿಂತಾಮಣಿ)

ಎರಡೂ ಅಲ್ಲ. ನಲ್ಲಿ ನೀರು, 20 ನಿಮಿಷ.

ಪ್ರಶ್ನೆ: ಬೊಬ್ಬೆಯನ್ನು ಸೂಜಿ ಕಾಯಿಸಿ ಒಡೆಯಬಹುದಾ? (ಗೌರಿಬಿದನೂರು)

ಬೇಡ.

ಪ್ರಶ್ನೆ: ತೋಟದಲ್ಲಿ ಮೋಟರ್ ಸ್ಟಾರ್ಟರ್ ಮುಟ್ಟಿ ತಮ್ಮನಿಗೆ ಜೋರಾಗಿ ಶಾಕ್ ಹೊಡೆಯಿತು. ಬೆರಳಲ್ಲಿ ಚಿಕ್ಕ ಕಪ್ಪು ಗುರುತು ಅಷ್ಟೇ. ಮುಲಾಮು ಸಾಕಾ? (ಬಾಗೇಪಲ್ಲಿ)

ಸಾಲದು. ಕರೆಂಟಿನ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಮಾಂಸಖಂಡ ಸುಟ್ಟಿರಬಹುದು, ಹೃದಯದ ಬಡಿತವೂ ಏರುಪೇರಾಗಬಹುದು. ನಿನ್ನೆ ಆಗಿದ್ದರೂ ಸರಿ, ಈಗಲೇ ಹೋಗಿ ಇಸಿಜಿ ಮಾಡಿಸಿ. ಎದೆನೋವು, ತಲೆಸುತ್ತು ಇದ್ದರೆ ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಬೈಕಲ್ಲಿ ಕೂರಿಸಿಕೊಂಡು ಹೊರಡಬೇಡಿ, 108ಕ್ಕೆ ಫೋನ್ ಮಾಡಿ.