ಮೊದಲ ಕಂಪ್ಯೂಟರ್ ಟೆಲಿಸ್ಕೋಪ್ (ನೆಕ್ಸ್‌ಸ್ಟಾರ್ 6ಎಸ್‌ಇ) ಕೊಂಡಿದ್ದೇನೆ. ಎಎ ಸೆಲ್ ಸಾಕೇ? ಜೊತೆಗೆ ಏನೇನು ಬೇಕು?

ಸೆಲ್ ಸಾಲದು. ಮೊದಲ ಖರ್ಚು ಐಪೀಸಿಗಲ್ಲ (ಕಣ್ಣಿಟ್ಟು ನೋಡುವ, ಬದಲಿಸಬಹುದಾದ ಮಸೂರ), 12 ವೋಲ್ಟಿನ ಒಳ್ಳೆಯ ಬ್ಯಾಟರಿಗೆ ಮಾಡಿ.

ಎಂಟು ಎಎ ಸೆಲ್ ಸೇರಿದರೆ 12 ವೋಲ್ಟ್ ಆಗುತ್ತದೆ, ನಿಜ. ಆದರೆ ಟೆಲಿಸ್ಕೋಪನ್ನು ತಿರುಗಿಸುವ ಎರಡೂ ಮೋಟಾರು ಒಟ್ಟಿಗೆ ವೇಗವಾಗಿ ತಿರುಗುವಾಗ ಹೆಚ್ಚು ಕರೆಂಟ್ ಎಳೆಯುತ್ತವೆ, ಸೆಲ್ಲಿನ ವೋಲ್ಟೇಜ್ ಆ ಕ್ಷಣಕ್ಕೆ ಕುಸಿಯುತ್ತದೆ. ಆಗ ಒಳಗಿನ ಕಂಪ್ಯೂಟರ್ ರೀಸೆಟ್ ಆಗಬಹುದು. ನೀವು ನಕ್ಷತ್ರಗಳನ್ನು ತೋರಿಸಿ ಮಾಡಿದ ಅಲೈನ್‌ಮೆಂಟ್ (ಆಕಾಶದಲ್ಲಿ ಯಾವುದು ಎಲ್ಲಿದೆ ಎಂದು ಅದಕ್ಕೆ ತಿಳಿಸುವ ಹೊಂದಾಣಿಕೆ) ಅಷ್ಟೂ ಅಳಿಸಿಹೋಗುತ್ತದೆ. ಹೊಸಬರು 'ಟೆಲಿಸ್ಕೋಪೇ ಕೆಟ್ಟಿದೆ' ಅಂದುಕೊಳ್ಳುವುದು ಇಲ್ಲೇ. ರೀಚಾರ್ಜ್ ಸೆಲ್ಲುಗಳಂತೂ ತಲಾ 1.2 ವೋಲ್ಟ್, ಎಂಟು ಸೇರಿದರೂ 9.6 ಮಾತ್ರ.

ಯುಪಿಎಸ್‌ನಲ್ಲಿರುವಂಥ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಒಂದು ರಾತ್ರಿಗೆ ಆರಾಮಾಗಿ ಸಾಕು. ಟೆಲಿಸ್ಕೋಪಿಗೆ ಸಿಕ್ಕಿಸುವ ಪಿನ್ನಿನ ನಡುಭಾಗ ಪ್ಲಸ್ ಇರಬೇಕು, ವೈರಿನಲ್ಲಿ ಒಂದು ಫ್ಯೂಸ್ ಇರಲಿ. ತಾರಸಿಯಲ್ಲೇ ನೋಡುವುದಾದರೆ 12 ವೋಲ್ಟ್, 2 ಆಂಪಿಯರ್‌ಗೆ ಕಡಿಮೆಯಿಲ್ಲದ ಅಡಾಪ್ಟರ್ ನಡೆಯುತ್ತದೆ. ವೈರ್ ಸಡಿಲ ಬಿಡಿ, ತಿರುಗುವಾಗ ಸುತ್ತಿಕೊಳ್ಳುತ್ತದೆ.

ಆಮೇಲೆ ಇಬ್ಬನಿ ಕವಚ. ಮುಂದಿನ ಗಾಜು ತೆರೆದ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಇಬ್ಬನಿ ಅಲ್ಲೇ ಕೂರುತ್ತದೆ. ಹಳೆಯ ಯೋಗ ಮ್ಯಾಟ್ ಕತ್ತರಿಸಿ ಕೊಳವೆಯಂತೆ ಸುತ್ತಿದರೂ ಆದೀತು!

ಜೊತೆಗೆ ಬರುವ 25 ಮಿಮೀ ಐಪೀಸ್ 60 ಪಟ್ಟು ತೋರಿಸುತ್ತದೆ (ಟೆಲಿಸ್ಕೋಪಿನ ನಾಭಿದೂರ 1500 ಮಿಮೀ, ಭಾಗಿಸು 25). ಶನಿಯ ಬಳೆಗೆ 10 ಮಿಮೀ ಒಂದು ಸೇರಿಸಿ, 150 ಪಟ್ಟು. ಹತ್ತಾರು ಐಪೀಸಿನ ಕಿಟ್ ಈಗ ಬೇಡ.