ತಸ್ಬೀಹ್ ಎಣಿಸುತ್ತೇವೆ, ಅರ್ಥ ಮನಸ್ಸಿಗಿಳಿಯುವುದು ಹೇಗೆ?

ಪ್ರಶ್ನೆ: ಫರ್ಝ್ (ಕಡ್ಡಾಯ) ನಮಾಝಿನ ಬಳಿಕ ತಸ್ಬೀಹ್ ಎಂದು 33 ಸುಬ್‌ಹಾನಲ್ಲಾಹ್, 33 ಅಲ್‌ಹಮ್ದುಲಿಲ್ಲಾಹ್, 34 ಅಲ್ಲಾಹು ಅಕ್ಬರ್ ಹೇಳುವ ರೂಢಿ ಚಿಕ್ಕಂದಿನಿಂದಲೂ ಇದೆ. ಒಂದೇ ನಿಮಿಷದಲ್ಲಿ ಮುಗಿದುಹೋಗುತ್ತದೆ, ಏನು ಹೇಳಿದೆ ಎಂಬ ಅರಿವೇ ಇರುವುದಿಲ್ಲ. ಏನು ಮಾಡಲಿ?
– ಓದುಗರು, ಉಪ್ಪಿನಂಗಡಿ

ಉತ್ತರ: ಮೊದಲು ವೇಗ ನೋಡಿಕೊಳ್ಳಿ. ಅಕ್ಷರ ನುಂಗದೆ ನೂರು ಹೇಳಲು ಮೂರು ನಿಮಿಷವಾದರೂ ಬೇಕು. ಒಂದು ನಿಮಿಷಕ್ಕೆ ಮುಗಿಯುತ್ತದೆ ಎಂದರೆ ‘ಸುಬ್‌ಹಾನಲ್ಲಾಹ್’ ಬಾಯಲ್ಲಿ ‘ಸುಬಾನ್ಲ’ ಆಗುತ್ತಿದೆ, ಕೊನೆಯ ‘ಹ್’ ಕೇಳಿಸುತ್ತಲೇ ಇಲ್ಲ. ತಕ್ಬೀರಿನಲ್ಲಿ (ಅಲ್ಲಾಹು ಅಕ್ಬರ್ ಎನ್ನುವಲ್ಲಿ) ಎಳೆಯುವುದರಿಂದ ತಪ್ಪಾಗುತ್ತದೆ. ‘ಆಲ್ಲಾಹು’ ಎಂದು ಮೊದಲಕ್ಷರ ಎಳೆದರೆ ಅರಬಿಯಲ್ಲಿ ಅದು ಪ್ರಶ್ನೆಯಾಗುತ್ತದೆ. ‘ಅಕ್ಬಾರ್’ ಎಂದರೆ ಡೋಲುಗಳು ಎಂದಾಗುತ್ತದೆ. ನಾಲಗೆ ನಿಧಾನವಾಗದೆ ಮನಸ್ಸು ಜೊತೆಗೂಡುವುದಿಲ್ಲ.

ಅವಸರವಿದ್ದ ದಿನ ಸಂಖ್ಯೆ ಇಳಿಸಬಹುದು. ಮೂರನ್ನೂ ಹತ್ತು ಹತ್ತು ಬಾರಿ ಹೇಳುವ ಕ್ರಮವೂ ಹದೀಸಿನಲ್ಲಿ (ಪ್ರವಾದಿ ವಚನದಲ್ಲಿ) ಇದೆ: ಐದು ನಮಾಝಿಗೆ ನಾಲಗೆಯಲ್ಲಿ 150, ಪರಲೋಕದಲ್ಲಿ ಕರ್ಮಗಳನ್ನು ತೂಗುವ ಮೀಝಾನಿನ ತಕ್ಕಡಿಯಲ್ಲಿ 1,500. ನೂರನ್ನು ಓಡಿಸುವ ಬದಲು ಮೂವತ್ತನ್ನು ಅರಿತು ಹೇಳಿ ಎಂದೇ ನಾವು ಹೇಳುತ್ತೇವೆ.

ಅರ್ಥಕ್ಕೆ ಹೊಸದೇನನ್ನೂ ಹುಡುಕಬೇಕಿಲ್ಲ. ಆಗತಾನೇ ಮುಗಿಸಿದ ನಮಾಝಿನಲ್ಲೇ ಅದಿದೆ. ರುಕೂವಿನಲ್ಲಿ (ಬಾಗಿದಾಗ), ಸುಜೂದಿನಲ್ಲಿ (ಸಾಷ್ಟಾಂಗದಲ್ಲಿ) ‘ಸುಬ್‌ಹಾನ’ ಎಂದಿರಿ. ಅಲ್ಲಾಹನಲ್ಲಿ ಯಾವ ಕೊರತೆಯೂ ಇಲ್ಲ, ಅವನ ತೀರ್ಮಾನದಲ್ಲಿ ಅನ್ಯಾಯವಿಲ್ಲ ಎಂದು ಹಣೆ ನೆಲಕ್ಕಿಟ್ಟು ಒಪ್ಪಿದಿರಿ. ಸುಬ್‌ಹಾನಲ್ಲಾಹ್ ಹೇಳುವಾಗ, ‘ನನಗೇ ಏಕೆ ಹೀಗಾಯಿತು’ ಎಂದು ಒಳಗೊಳಗೇ ಕೊರಗುತ್ತಿರುವ ಒಂದು ಸಂಗತಿಯನ್ನು ನೆನೆಯಿರಿ. ಆಗ ಈ ಮಾತು ಹಗುರಾಗಿ ಬರುವುದಿಲ್ಲ. ಹಮ್ದ್ (ಸ್ತುತಿ) ನಮಾಝಿನಲ್ಲಿ ಓದುವ ಫಾತಿಹಾ ಅಧ್ಯಾಯದ ಆರಂಭದಲ್ಲೇ ಇದೆ. ಅದಕ್ಕೆ ಆ ದಿನದ್ದೇ ಒಂದು ಅನುಗ್ರಹವನ್ನು ಹೆಸರಿಟ್ಟು ನೆನೆಯಿರಿ: ಇಳಿದ ಜ್ವರ, ತೀರಿದ ಸಾಲದ ಕಂತು. ‘ಎಲ್ಲದಕ್ಕೂ’ ಎಂದುಕೊಂಡರೆ ಯಾವುದೂ ನೆನಪಿಗೆ ಬರುವುದಿಲ್ಲ. ಇನ್ನು ತಕ್ಬೀರ್: ನಾಲ್ಕು ರಕಅತಿನ (ಆವೃತ್ತಿಗಳ) ನಮಾಝಿನಲ್ಲಿ 22 ಬಾರಿ ಹೇಳುತ್ತೇವೆ. ನಮಾಝಿನ ನಡುವೆ ಅಂಗಡಿಯೋ ಮೊಬೈಲೋ ಮನಸ್ಸನ್ನು ಎಳೆದಿದ್ದರೆ, ಅಲ್ಲಾಹು ಅಕ್ಬರ್ ಎನ್ನುವಾಗ ಅದನ್ನೇ ಎದುರಿಗಿಟ್ಟುಕೊಳ್ಳಿ. ಅವನು ಅದಕ್ಕಿಂತ ದೊಡ್ಡವನು.

ಎಣಿಕೆಗೆ ಬಲಗೈ ಬೆರಳುಗಳು ಉತ್ತಮ. ಬೆರಳಿಗೆ ಮೂರರಂತೆ, ಹೆಬ್ಬೆರಳಿಗೂ ಮೂರೆಂದೇ ಹಿಡಿದರೆ, ಐದು ಬೆರಳಿಗೆ 15. ಎರಡು ಸುತ್ತು, ಮೇಲೆ ಮೂರು. ಮಣಿಯೇ ಅಭ್ಯಾಸವಾಗಿದ್ದರೆ, 33ರ ಸರದಲ್ಲಿ ಸಾಮಾನ್ಯವಾಗಿ 11ಕ್ಕೊಂದು ತಡೆಮಣಿ ಇರುತ್ತದೆ. ಅಲ್ಲಿ ಒಂದು ಉಸಿರು ನಿಂತು, ಮನಸ್ಸು ಹೊರಟುಹೋಗಿದ್ದರೆ ಕರೆದುಕೊಂಡು ಬನ್ನಿ. ಹೀಗೆ ನಿಲ್ಲುವುದು ಸುನ್ನತ್ (ಪ್ರವಾದಿಯವರ ಮಾದರಿ) ಅಲ್ಲ, ಅಭ್ಯಾಸಕ್ಕೊಂದು ಉಪಾಯವಷ್ಟೆ.

ಇದೇ 33-33-34 ಮಲಗುವಾಗಲೂ ಇದೆ. ಬೀಸುವ ಕಲ್ಲು ತಿರುಗಿಸಿ ಕೈ ನೋಯುತ್ತಿದ್ದ ಫಾತಿಮಾ(ರ) ತಂದೆ ಪ್ರವಾದಿ(ಸ) ಅವರ ಬಳಿ ಒಬ್ಬ ಸೇವಕನನ್ನು ಕೇಳಲು ಹೋದರು. ಪ್ರವಾದಿ(ಸ) ರಾತ್ರಿ ಅವರ ಮನೆಗೆ ಬಂದು, ಸೇವಕನಿಗಿಂತ ಉತ್ತಮವಾದುದೆಂದು ಇದನ್ನು ಕಲಿಸಿಕೊಟ್ಟರು. ಅಂದಿನಿಂದ ಫಾತಿಮಾರ ಪತಿ ಅಲಿ(ರ) ಅದನ್ನು ಬಿಡಲಿಲ್ಲ, ಸಿಫ್ಫೀನ್ ಯುದ್ಧದ ರಾತ್ರಿಯೂ. ಮನೆಗೆಲಸದಲ್ಲಿ ಬಳಲುವ ತಾಯಂದಿರಿಗೆ ಈ ಝಿಕ್ರ್ (ದೇವಸ್ಮರಣೆ) ಎಷ್ಟು ಹತ್ತಿರದ್ದೆಂದು ಹೇಳಿಕೊಡುವವರು ಇನ್ನೂ ಹೆಚ್ಚಬೇಕು.

ಪ್ರಶ್ನೆ: ನಮ್ಮಲ್ಲಿ ಕೆಲಸಕ್ಕೆ ಬರುವವರು ‘ಇನ್ಶಾ ಅಲ್ಲಾಹ್’ (ಅಲ್ಲಾಹನು ಬಯಸಿದರೆ) ಎಂದರೆ ಬರುವುದಿಲ್ಲ ಎಂದೇ ಲೆಕ್ಕ. ಇದು ಸರಿಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಸರಿಯಲ್ಲ. ಕುರ್‌ಆನಿನ ಸೂರಃ ಅಲ್ ಕಹ್ಫ್‌ನ 23 ಮತ್ತು 24ನೇ ಆಯತುಗಳಲ್ಲಿ (ವಚನಗಳಲ್ಲಿ) ಈ ಮಾತು ‘ನಾಳೆ ಇದನ್ನು ಮಾಡುತ್ತೇನೆ’ ಎಂಬ ನಿರ್ಧಾರದ ಜೊತೆಗೇ ಬರುತ್ತದೆ. ನಿರ್ಧಾರವೇ ಇಲ್ಲದೆ ಹೇಳುವುದು ಅಲ್ಲಾಹನ ಹೆಸರನ್ನು ನೆಪವಾಗಿಸಿದಂತೆ. ಮೊದಲು ದಿನ, ಹೊತ್ತು ಹೇಳಿ. ಆಮೇಲೆ ಇನ್ಶಾ ಅಲ್ಲಾಹ್ ಎನ್ನಿ. ಬರಲಾಗದಿದ್ದರೆ ‘ಆಗುವುದಿಲ್ಲ’ ಎಂದುಬಿಡಿ.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಝಿಕ್ರ್ ಹೇಳಬಹುದೇ?
– ಓದುಗರು, ಭಟ್ಕಳ

ಉತ್ತರ: ಹೇಳಬಹುದು. ಝಿಕ್ರಿಗೆ ವುಝೂ (ನಮಾಝಿಗೆ ಮುನ್ನ ಕೈಕಾಲು, ಮುಖ ತೊಳೆಯುವುದು) ಕೂಡ ಕಡ್ಡಾಯವಿಲ್ಲ. ಪ್ರವಾದಿ(ಸ) ಎಲ್ಲ ಸ್ಥಿತಿಗಳಲ್ಲೂ ಅಲ್ಲಾಹನನ್ನು ಸ್ಮರಿಸುತ್ತಿದ್ದರೆಂದು ಆಯಿಶಾ(ರ) ಹೇಳಿದ್ದಾರೆ. ನಮಾಝ್ ಇಲ್ಲದ ದಿನಗಳಲ್ಲೂ ಆ ಹೊತ್ತಿಗೆ ಕುಳಿತು ತಸ್ಬೀಹ್ ಹೇಳಿದರೆ ರೂಢಿ ತಪ್ಪುವುದಿಲ್ಲ.